ಭಿತ್ತಿರಂಧ್ರ ಮೀಮಾಂಸೆ: ಒಂದು ತಾತ್ವಿಕ ಅವಲೋಕನ

ಪ್ರಸ್ತುತ ಪ್ರಬಂಧವು ಗೃಹಭಿತ್ತಿಗತ ಸಂವಹನ ರಂಧ್ರಗಳನ್ನು, ಅಂದರೆ ಜನಸಾಮಾನ್ಯರು ‘ಫೋನ್ ಪಾಯಿಂಟು’, ‘ನೆಟ್ ಪಾಯಿಂಟು’ ಎಂದು ಅಶಾಸ್ತ್ರೀಯವಾಗಿ ಕರೆಯುವ ಬಿಳಿ ಚೌಕಗಳನ್ನು, ಸಂಕಥನದ ನೆಲೆಯಲ್ಲಿ ಮುಖಾಮುಖಿಯಾಗುವ ವಿನಮ್ರ ಪ್ರಯತ್ನವಾಗಿದೆ. ಈ ಕ್ಷೇತ್ರದಲ್ಲಿ ಗಂಭೀರ ಅಧ್ಯಯನ ನಡೆಯದಿರುವುದು ವಿಷಾದನೀಯ. ನಡೆದಿದ್ದರೂ ನಾನು ಓದಿಲ್ಲ.

ಲಕ್ಷಣ ನಿರೂಪಣೆ: ರಂಧ್ರಗಳು ಮೂಲತಃ ಎರಡು ವಿಧ, ಲಘು ಮತ್ತು ಗುರು. ಲಘುವಿನ ಪಾರಿಭಾಷಿಕ ಸಂಜ್ಞೆ ಆರ್‌ಜೆ-11, ಗುರುವಿನದು ಆರ್‌ಜೆ-45. ಲಘುವು ಗುರುವಿನೊಳಗೆ ಹೊಕ್ಕೀತು, ಗುರುವು ಲಘುವಿನೊಳಗೆ ಹೊಗದು. ಛಂದಸ್ಸಿನ ವಿದ್ವಾಂಸರು ಗಮನಿಸತಕ್ಕದ್ದು. ಲಘುವಿನ ಸಂಸಾರ ಎರಡು ತಂತಿಯಲ್ಲೇ ಸಾಗುತ್ತದೆ. ಗುರುವಿಗೆ ಎಂಟು ಬೇಕು, ಅದೂ ನಾಲ್ಕು ದಂಪತಿಗಳಾಗಿ.

ಈ ದಂಪತಿಗಳ ವಿಷಯದಲ್ಲಿ ರಸಸಿದ್ಧಾಂತವನ್ನು ಅನ್ವಯಿಸದೆ ಗತ್ಯಂತರವಿಲ್ಲ. ಪ್ರತಿ ಜೋಡಿಯೂ ಪರಸ್ಪರ ಹೆಣೆದುಕೊಂಡಿರುತ್ತದೆ. ಹೊರಗಿನ ಗದ್ದಲ ಇಬ್ಬರ ಕಿವಿಗೂ ಸಮವಾಗಿ ಬೀಳುವುದರಿಂದ, ಆಚೆ ತುದಿಯಲ್ಲಿ ಕಳೆದು ನೋಡಿದಾಗ ಅದು ಸೊನ್ನೆಯಾಗುತ್ತದೆ. ಇದು ಸಂಭೋಗ ಶೃಂಗಾರ. ಸಾಕೆಟ್ಟಿಗೆ ಕೂರಿಸುವಾಗ ಹೆಣಿಗೆ ಬಿಚ್ಚಲೇಬೇಕಾಗುತ್ತದಾದರೂ 13 ಮಿಲಿಮೀಟರಿಗಿಂತ ಹೆಚ್ಚಿನ ವಿಪ್ರಲಂಭ ಸಲ್ಲದು.

ಬಣ್ಣದ ಕ್ರಮದಲ್ಲಿ ಎರಡು ದರ್ಶನಗಳಿವೆ. ‘ಬಿ’ ಮತದವರ ಪಾಠ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ‘ಎ’ ಮತದವರು ಕಿತ್ತಳೆ ಜೋಡಿಯನ್ನೂ ಹಸಿರು ಜೋಡಿಯನ್ನೂ ಅದಲುಬದಲು ಮಾಡುತ್ತಾರೆ. ಎರಡೂ ತುದಿಯಲ್ಲಿ ಒಂದೇ ಮತ ಹಿಡಿದರೆ ಮುಕ್ತಿ.

ಇನ್ನು ಸ್ಥಾನಭೇದದಿಂದ ರಂಧ್ರಗಳು ಐದು ಬಗೆ. ಮಂಚಾವೃತ, ಅಂದರೆ ಮಂಚದ ತಲೆಹಲಗೆಯ ಹಿಂದೆ ಅಡಗಿದ್ದು. ಬೀರುಪಿಹಿತ. ಮೂರನೆಯದು... ಸಾಕು. ಐದೂ ನಮ್ಮ ಮನೆಯಲ್ಲೇ ಇವೆ.

ಫ್ಲ್ಯಾಟು ತೋರಿಸುವಾಗ “ಎಲ್ಲಾ ರೂಮಿಗೂ ಡೇಟಾ ಪಾಯಿಂಟ್ ಕೊಟ್ಟಿದ್ದೀವಿ ಸರ್” ಅಂದಿದ್ದರು. ಹೌದು, ಆರು ಪ್ಲೇಟುಗಳು, ಒಂದೊಂದರಲ್ಲೂ ಎಂಟು ಹೊಂಬಣ್ಣದ ಪಿನ್ನುಗಳು ಹೊಳೆಯುತ್ತಿದ್ದವು. ನೆಟ್ ಕನೆಕ್ಷನ್ ಬಂದ ದಿನ ಒಂದರಲ್ಲೂ ಲೈಟು ಹತ್ತಲಿಲ್ಲ. ಸ್ಕ್ರೂ ಬಿಚ್ಚಿ ಹಾಲಿನ ಪ್ಲೇಟು ಎಳೆದೆ. ಹಿಂದೆ ಕೂದಲೆಳೆಯಂಥ ನಾಲ್ಕು ಟೆಲಿಫೋನ್ ತಂತಿ. ಎರಡನ್ನು ಸಿಕ್ಕಿಸಿ, ಉಳಿದೆರಡಕ್ಕೆ ಕಪ್ಪು ಟೇಪು ಸುತ್ತಿದ್ದರು. ಅದೇ ತಂತಿ ರೂಮಿಂದ ರೂಮಿಗೆ ಸರಪಳಿಯಾಗಿ ಹೋಗಿತ್ತು. ಫೋನಿಗೆ ಅದು ನಡೆದೀತು, ಡೇಟಾಕ್ಕೆ ನಡೆಯದು. ಓದುವ ಕೋಣೆಯ ಪ್ಲೇಟಿನ ಹಿಂದೆ ತಂತಿಯೇ ಇಲ್ಲ. ಒಣಗಿದ ಸಿಮೆಂಟು, ಎರಡು ಹಲ್ಲಿಮೊಟ್ಟೆ.

ಎಲೆಕ್ಟ್ರಿಷಿಯನ್ನನ್ನು ಕರೆಸಿ ಕೇಳಿದರೆ, “ಈಗ ಎಲ್ಲಾ ವೈಫೈ ಅಲ್ವಾ ಸರ್, ಅದನ್ನೆಲ್ಲ ಯಾರು ಬಿಚ್ಚಿ ನೋಡ್ತಾರೆ?”

ನಾನು ನೋಡಿದೆನಲ್ಲ! ಅಷ್ಟು ಸಾಲ ಮಾಡಿ ಕೊಂಡವನು ನೋಡಬಾರದೇ? ಹೊಸ ಕೇಬಲ್ ಎಳೆಯೋಣವೆಂದರೆ ಪೈಪಿನೊಳಗೆ ಬಿಟ್ಟ ಸ್ಪ್ರಿಂಗು ಮೂರಡಿ ಹೋಗಿ ನಿಂತಿತು. ಬೆಂಡಿನಲ್ಲಿ ಕಾಂಕ್ರೀಟು ತುಂಬಿದೆ. ಈಗ ನೀಲಿ ಕೇಬಲ್ಲು ದೇವರಮನೆ ಬಾಗಿಲ ಮೇಲೆ ಹಾದು ಹೋಗುತ್ತದೆ.

ಊರಿನ ಮನೆಗೆ ಫೋನು ಬಂದದ್ದು ಅರ್ಜಿ ಹಾಕಿ ಎಷ್ಟೋ ವರ್ಷಗಳ ಮೇಲೆ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಟಿಐನವರ ಕಪ್ಪು ಡಯಲ್ ಫೋನು. ಲೈನ್‌ಮನ್ ತೊಲೆಯ ಅಂಚಿನಲ್ಲೇ ಗೇಣಿಗೊಂದು ಕ್ಲಿಪ್ಪು ಹೊಡೆದು, ಕೊನೆಯ ಕ್ಲಿಪ್ಪು ಸೊಟ್ಟಗಾಯಿತೆಂದು ಕಿತ್ತು ಮತ್ತೆ ಹೊಡೆದ. ಪಡಸಾಲೆಯ ಗೋಡೆಗೆ ಪುಟ್ಟ ಡಬ್ಬಿ ಕೂರಿಸಿ, ಎರಡು ತಂತಿ ಬಿಗಿದು, ತಾನೇ ಮೊದಲು ಕೇಳಿಸಿಕೊಂಡು, “ತಗೊಳ್ಳಿ ಅಮ್ಮಾ, ಮಾತಾಡಿ” ಎಂದು ರಿಸೀವರನ್ನು ಅಮ್ಮನ ಕೈಗೆ ಕೊಟ್ಟ. ಕರೆಂಟು ಹೋದ ರಾತ್ರಿಗಳಲ್ಲೂ ಅದು ಮಾತಾಡುತ್ತಿತ್ತು. ಅದರ 48 ವೋಲ್ಟು ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಬರುತ್ತಿತ್ತು. ಅಮ್ಮನೂ ಇಲ್ಲ, ಆ ಲೈನೂ ಇಲ್ಲ. ಡಬ್ಬಿ ಇನ್ನೂ ಗೋಡೆಯ ಮೇಲೆ ನೆಟ್ಟಗೆ ಕೂತಿದೆ.

ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಗಾರೆಗೆ ಮೊದಲೇ ಪ್ರತಿ ಪೈಪಿನಲ್ಲೂ ಒಂದು ಬೈಂಡಿಂಗ್ ವೈರು ಎಳೆದಿಡಿಸಿ. ಕೊನೆಯ ಕಂತು ಕೊಡುವ ದಿನ ಸ್ಕ್ರೂ ಡ್ರೈವರ್ ಹಿಡಿದು ಹೋಗಿ ಒಂದೊಂದೇ ಪ್ಲೇಟು ಬಿಚ್ಚಿ ಎಣಿಸಿ. ಎಂಟು ಇದ್ದರೆ ದುಡ್ಡು ಕೊಡಿ.