ಏಪ್ರಿಲ್ ತಿಂಗಳ ಟ್ರಾನ್ಸ್‌ಫರ್ ಅಭ್ಯರ್ಥಿ

ಒಂದು ಕಾಲೇಜಿನಲ್ಲಿ ಹಾಜರಿ ಹಾಕಿ ಮನಸ್ಸನ್ನು ಇನ್ನೊಂದರಲ್ಲಿ ಇಟ್ಟಿರುವ ವಿದ್ಯಾರ್ಥಿಗೆ ಟ್ರಾನ್ಸ್‌ಫರ್ ಅಭ್ಯರ್ಥಿ ಎನ್ನುತ್ತಾರೆ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇವನು ಸಿಗುತ್ತಾನಾದರೂ ಹೇರಳವಾಗಿ ಬೆಳೆಯುವುದು ಕ್ಯಾಲಿಫೋರ್ನಿಯಾದಲ್ಲಿ. ಅದಕ್ಕೆ ಕಾರಣ 1960ರ ಮಾಸ್ಟರ್ ಪ್ಲಾನ್. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಯೂನಿವರ್ಸಿಟಿ, ಮಿಕ್ಕ ಯಾರು ಬಂದರೂ ಕಮ್ಯುನಿಟಿ ಕಾಲೇಜು ಎಂದು ಆ ಯೋಜನೆ ಪಂಕ್ತಿ ಹಾಕಿತು. ಕೊನೆಯ ಪಂಕ್ತಿಯವರು ಎರಡು ವರ್ಷ ಚೆನ್ನಾಗಿ ಓದಿದರೆ ಎದ್ದು ಮೊದಲ ಪಂಕ್ತಿಗೆ ಹೋಗಬಹುದು ಎಂದೂ ಸೇರಿಸಿತು. ಹಾಗೆ ಎದ್ದು ನಿಂತು, ಅಲ್ಲಿ ತನಗೆ ಎಲೆ ಹಾಕುತ್ತಾರೋ ಇಲ್ಲವೋ ಎಂದು ನೋಡುತ್ತಿರುವವನೇ ಇವನು. ಇವಳೂ ಆಗಿರಬಹುದು; ಲಕ್ಷಣಗಳಲ್ಲಿ ವ್ಯತ್ಯಾಸವಿಲ್ಲ.

ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ರಾಜ್ಯದ ನಿವಾಸಿಗಳಿಗೆ ಶುಲ್ಕ ಒಂದು ಯೂನಿಟ್ಟಿಗೆ 46 ಡಾಲರ್. ಅಗ್ಗವೆಂದೇ ಸೇರಿದವನೂ ನೆಂಟರು ಕೇಳಿದಾಗ ಬೇರೆ ಉತ್ತರ ಇಟ್ಟುಕೊಂಡಿರುತ್ತಾನೆ. ಆ್ಯಪಲ್ ಕಟ್ಟಿದ ಇಬ್ಬರು ಸ್ಟೀವ್‌ಗಳಲ್ಲಿ ಒಬ್ಬರಾದ ವೋಜ್ನಿಯಾಕ್ ಕುಪರ್ಟಿನೊದ ಡಿ ಆನ್ಜಾ ಕಾಲೇಜಿನಿಂದ ಬರ್ಕ್ಲಿಗೆ ಹೋದವರು ಎನ್ನುತ್ತಾನೆ. ಅವರು ಬರ್ಕ್ಲಿಯ ಡಿಗ್ರಿ ಮುಗಿಸಿದ್ದು 1986ರಲ್ಲಿ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದು ಸಾಲದಿದ್ದರೆ ಒಬಾಮ ಇದ್ದಾರೆ: 1981ರಲ್ಲಿ ಆಕ್ಸಿಡೆಂಟಲ್ ಕಾಲೇಜಿನಿಂದ ಕೊಲಂಬಿಯಾಗೆ ಬದಲಾದವರು.

ಅಭ್ಯರ್ಥಿಯ ವರ್ಷ ಶುರುವಾಗುವುದು ಶರತ್ಕಾಲದಲ್ಲಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅರ್ಜಿಗೆ ಒಂದು ಕ್ಯಾಂಪಸ್ಸಿಗೆ 80 ಡಾಲರ್. ಜೊತೆಗೆ ನಾಲ್ಕು ಪ್ರಶ್ನೆಗಳಿಗೆ ಉತ್ತರ, ಒಂದೊಂದಕ್ಕೂ 350 ಪದಗಳ ಮಿತಿ. ಇಪ್ಪತ್ತು ವರ್ಷಕ್ಕೇ ಬಾಳಿನ ಕಷ್ಟ ಇಷ್ಟು ಪದಗಳನ್ನು ಬೇಡುತ್ತದೆಂದು ಅವನಿಗೆ ಗೊತ್ತಿರುವುದಿಲ್ಲ. ಕೊನೆಗೆ ಅಜ್ಜನ ಮಂಡಿನೋವೂ ನಾಯಕತ್ವದ ಗುಣಗಳಡಿ ಸೇರುತ್ತದೆ. ವಿಶ್ವವಿದ್ಯಾಲಯದ ಒಂಬತ್ತು ಪದವಿ ಕ್ಯಾಂಪಸ್‌ಗಳಲ್ಲಿ ಆರು, ಅಂದರೆ ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್, ಷರತ್ತು ಪೂರೈಸಿದವರಿಗೆ ಸೀಟಿನ ಗ್ಯಾರಂಟಿ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಕೊಡುವುದಿಲ್ಲ. ಗ್ಯಾರಂಟಿ ಇರುವಲ್ಲಿ ಮನಸ್ಸಿಲ್ಲ, ಮನಸ್ಸಿರುವಲ್ಲಿ ಗ್ಯಾರಂಟಿಯಿಲ್ಲ. ಈ ಜಾತಿಯ ಸಂಕಟಕ್ಕೆಲ್ಲ ಮೂಲ ಇದೇ. ಆರರಲ್ಲಿ ಒಂದನ್ನು ಮನಸಾರೆ ಒಪ್ಪಿದವನು ಏಪ್ರಿಲ್‌ನಲ್ಲಿ ಸುಖವಾಗಿ ನಿದ್ದೆ ಮಾಡುತ್ತಾನೆ, ಈ ಲೇಖನಕ್ಕೆ ಸೇರುವುದಿಲ್ಲ.

ಜನವರಿ 31ರೊಳಗೆ ಹಿಂದಿನ ಅವಧಿಯ ಅಂಕಗಳನ್ನು ತುಂಬಿ ಕಳಿಸಬೇಕು. ಅಲ್ಲಿಗೆ ಅವನು ಮಾಡಬೇಕಾದ ಕೆಲಸ ಮುಗಿಯುತ್ತದೆ. ಮಾಡುವ ಕೆಲಸ ಮಾತ್ರ ಆಗ ಶುರುವಾಗುತ್ತದೆ.

ಮೊದಲಿನದು ಪೋರ್ಟಲ್ ನೋಡುವುದು. ಬೆಳಿಗ್ಗೆ ಹಲ್ಲುಜ್ಜುವ ಮೊದಲು, ಲೆಕ್ಚರ್ ನಡುವೆ, ಸಿಗ್ನಲ್ಲಿನಲ್ಲಿ, ಮತ್ತು ನಡುರಾತ್ರಿ ಎರಡಕ್ಕೆ, ಆಗ ಅಡ್ಮಿಷನ್ ಆಫೀಸಿನಲ್ಲಿ ಯಾರೂ ಇರುವುದಿಲ್ಲವೆಂದು ತಿಳಿದಿದ್ದೂ. ಪಾಸ್‌ವರ್ಡ್ ಬೆರಳಿಗೆ ಬರುತ್ತದೆ, ಬಾಯಲ್ಲಿ ಹೇಳು ಎಂದರೆ ಬರುವುದಿಲ್ಲ. ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಒಂದೇ ಸಾಲು ಕಾಣುತ್ತದೆ. ಆ ಸಾಲಿನ ಕೊನೆಗೆ ನಿನ್ನೆ ಪೂರ್ಣವಿರಾಮ ಇತ್ತೇ ಎಂಬುದು ಅವನ ಸಂಶೋಧನೆಯ ವಿಷಯ. ಸ್ವಲ್ಪ ಕಂಪ್ಯೂಟರ್ ಬಲ್ಲವನು ಪುಟದ ಹಿಂದಿನ ಕೋಡ್ ತೆರೆದು ತನ್ನ ಹಣೆಬರಹ ಅಲ್ಲೇನಾದರೂ ಅಡಗಿದೆಯೇ ಎಂದು ಹುಡುಕುತ್ತಾನೆ. ಹಣಕಾಸು ನೆರವಿನ ಪುಟದಲ್ಲಿ ಹೊಸ ಗುಂಡಿಯೊಂದು ಕಂಡರೆ ಶುಭ, ಮಾಯವಾದರೆ ಅಶುಭ. ಇದಕ್ಕೆ ಅಭ್ಯರ್ಥಿಗಳೇ ಪೋರ್ಟಲ್ ಜ್ಯೋತಿಷ ಎಂದು ಹೆಸರಿಟ್ಟಿದ್ದಾರೆ. ಜಾತಕ ನಂಬುವುದಿಲ್ಲವೆಂದು ಅಮ್ಮನ ಜೊತೆ ವಾದಿಸುವವನೇ ಇದರಲ್ಲಿ ಪಳಗಿದವನು.

ಎರಡನೆಯದು ಅಂಕಗಣಿತ. ರಾಜ್ಯದ ನಿವಾಸಿಗೆ ಬೇಕಾದ ಕನಿಷ್ಠ ಜಿಪಿಎ 2.4. ತನ್ನದು 3.87 ಎಂಬುದು ಅವನಿಗೆ ಸಮಾಧಾನವಲ್ಲ, 3.9 ಏಕಾಗಲಿಲ್ಲ ಎಂಬ ಕೊರಗು. ಲಾಸ್ ಏಂಜಲೀಸ್ ಕ್ಯಾಂಪಸ್ ಇತ್ತೀಚಿನ ವರ್ಷಗಳಲ್ಲಿ ಟ್ರಾನ್ಸ್‌ಫರ್ ಅರ್ಜಿ ಹಾಕಿದ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಸೀಟು ಕೊಡುತ್ತಿದೆ. ಹೈಸ್ಕೂಲಿನಿಂದ ನೇರ ಬರುವವರಲ್ಲಿ ಹತ್ತಕ್ಕೆ ಒಬ್ಬರಿಗೂ ಸಿಗುವುದಿಲ್ಲ. ಇದು ಟ್ರಾನ್ಸ್‌ಫರ್‌ನವರಿಗೆ ಅನುಕೂಲದ ಲೆಕ್ಕ. ಆದರೆ ಅವನು ನಾಲ್ಕು ಜನ ಗೆಳೆಯರನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ, ಆ ಒಬ್ಬ ತಾನಲ್ಲ ಎಂದು ತೀರ್ಮಾನಿಸುತ್ತಾನೆ.

ಸನಿವೇಲ್, ಫ್ರೀಮಾಂಟ್ ಕಡೆಯ ಕನ್ನಡದ ಮನೆಗಳಲ್ಲಿ ಈ ಕಾಯುವಿಕೆಗೆ ವಿಡಿಯೊ ಕಾಲ್‌ನ ಕಾಟವೂ ಸೇರುತ್ತದೆ. ಮೈಸೂರಿನಿಂದ ಅಜ್ಜಿ ಕೇಳುತ್ತಾರೆ: “ಏನೋ ಪುಟ್ಟಾ, ಕಾಲೇಜಿಗೆ ಹೋಗ್ತಾನೇ ಇದ್ದೀಯಲ್ಲ, ಮತ್ತೆ ಇನ್ಯಾವ ಕಾಲೇಜಿಗೆ ಕಾಯ್ತಿದ್ದೀಯೋ?” ಡಿಪ್ಲೊಮಾ ಮಾಡಿ ನೇರವಾಗಿ ಎರಡನೇ ವರ್ಷದ ಇಂಜಿನಿಯರಿಂಗ್ ಸೇರೋ ಹಾಗೆ ಕಣಮ್ಮ, ಇಲ್ಲಿ ಮೂರನೇ ವರ್ಷಕ್ಕೆ, ಅಷ್ಟೇ ಎಂದು ಅಪ್ಪ ಬಿಡಿಸಿ ಹೇಳುತ್ತಾನೆ. ಅಜ್ಜಿಯ ಮುಂದಿನ ಪ್ರಶ್ನೆ ಸಿದ್ಧ: “ಹಾಗಾದ್ರೆ ರ‍್ಯಾಂಕ್ ಎಷ್ಟು ಬಂತು?” ಇಲ್ಲಿಗೆ ಮಾತು ನಿಲ್ಲುತ್ತದೆ, ಏಕೆಂದರೆ ರ‍್ಯಾಂಕ್ ಎಂಬುದೇ ಇಲ್ಲ. ಬೆಂಗಳೂರಿನಲ್ಲಿ ಕೆಇಎ ಪಟ್ಟಿಗೆ ಕಾಯುವವನಿಗೆ ತನ್ನ ಸಂಖ್ಯೆ ಗೊತ್ತು. ಕಳೆದ ವರ್ಷ ಎಲ್ಲಿಗೆ ಕಟ್ ಆಫ್ ನಿಂತಿತು ಎಂದು ನೋಡಿ ಅರ್ಧ ಉತ್ತರವನ್ನು ಮನೆಯಲ್ಲೇ ಕಂಡುಕೊಳ್ಳುತ್ತಾನೆ. ಕ್ಯಾಲಿಫೋರ್ನಿಯಾದವನ ಅರ್ಜಿಯನ್ನು ಅಂಕ, ಪ್ರಬಂಧ, ಪರಿಸ್ಥಿತಿ ಎಲ್ಲ ಸೇರಿಸಿ ಅಳೆಯುತ್ತಾರೆ, ತೂಕದ ಬಟ್ಟು ಯಾವುದೆಂದು ಹೇಳುವುದಿಲ್ಲ. ಹೆಚ್ಚು ನ್ಯಾಯದ ಪದ್ಧತಿ ಇರಬಹುದು. ಕಾಯುವವನ ಆರೋಗ್ಯಕ್ಕೆ ಒಳ್ಳೆಯದಲ್ಲ.

ಮಾರ್ಚಿನಿಂದ ಫಲಿತಾಂಶಗಳು ಕ್ಯಾಂಪಸ್‌ವಾರು ಉದುರತೊಡಗಿ ಏಪ್ರಿಲ್ ಕೊನೆಗೆ ಮುಗಿಯುತ್ತವೆ. ಮೊದಲು ಬಂದ ಒಪ್ಪಿಗೆಯನ್ನು ಅಭ್ಯರ್ಥಿ ಅನುಮಾನದಿಂದ ನೋಡುತ್ತಾನೆ: ತನ್ನನ್ನು ತೆಗೆದುಕೊಂಡ ಕ್ಯಾಂಪಸ್ ಅಷ್ಟೇನೂ ದೊಡ್ಡದಿರಲಾರದು. ಆಸೆಪಟ್ಟ ಕ್ಯಾಂಪಸ್ಸಿನ ದಿನ ಬಂದಾಗ ಮನೆಯವರನ್ನೆಲ್ಲ ಕೋಣೆಯಿಂದ ಹೊರಗೆ ಕಳಿಸುತ್ತಾನೆ. ಅವರು ಬಾಗಿಲ ಹಿಂದೆ ನಿಂತು ಬೇರೇನೋ ಕೆಲಸವಿರುವಂತೆ ನಟಿಸುತ್ತಾರೆ. ಒಪ್ಪಿಗೆಯಾದರೆ ಪರದೆಯ ಮೇಲೆ ಬಣ್ಣದ ಚೂರುಗಳು ಸುರಿಯುವುದುಂಟು. ತಿರಸ್ಕಾರವಾದರೆ ಬಹಳ ಮರ್ಯಾದೆಯ ಪತ್ರ ಬರುತ್ತದೆ. ಎರಡನೇ ಸಾಲಿನಾಚೆ ಅದನ್ನು ಓದುವವರು ಕಡಿಮೆ. ವೆಯ್ಟ್‌ಲಿಸ್ಟ್ ಆದರೆ ಮೊದಲಿನಿಂದ ಕಾಯುವುದು.

ಒಪ್ಪಿಕೊಂಡವನು ಜೂನ್ 1ರೊಳಗೆ 250 ಡಾಲರ್ ಠೇವಣಿ ಕಟ್ಟಿ ಸೀಟು ಖಾತ್ರಿ ಮಾಡಿಕೊಳ್ಳಬೇಕು. ಪ್ರವೇಶ ಪತ್ರದ ಕೆಳಭಾಗದಲ್ಲಿ ಷರತ್ತೊಂದು ಇರುತ್ತದೆ: ಈಗ ನಡೆಯುತ್ತಿರುವ ಅವಧಿಯ ವಿಷಯಗಳಲ್ಲೂ ಒಳ್ಳೆಯ ದರ್ಜೆ ಬರಬೇಕು, ಅಂತಿಮ ಅಂಕಪಟ್ಟಿ ಜುಲೈ 1ರೊಳಗೆ ತಲುಪಬೇಕು, ಇಲ್ಲದಿದ್ದರೆ ಪ್ರವೇಶ ರದ್ದಾಗಬಹುದು. ಪೋರ್ಟಲ್ ನೋಡುತ್ತ ತಪ್ಪಿಸಿಕೊಂಡ ಸ್ಟ್ಯಾಟಿಸ್ಟಿಕ್ಸ್ ಕ್ಲಾಸುಗಳ ನೋಟ್ಸು ಯಾರ ಹತ್ತಿರ ಸಿಗುತ್ತದೆ ಎಂದು ಅವನು ವಿಚಾರಿಸತೊಡಗುವುದು ಆಗ. ಡಿ ಆನ್ಜಾದಲ್ಲಿ ವಸಂತದ ಪರೀಕ್ಷೆಗಳು ನಡೆಯುವುದು ಜೂನ್ ಕೊನೆಯಲ್ಲಿ.