ಮೆಥಡೋನ್ ನಿಯಂತ್ರಣ ಯಂತ್ರ: ಬಳಕೆದಾರರ ಕೈಪಿಡಿ

(ಅಮೆರಿಕದ ರಾಜ್ಯ ಸರ್ಕಾರಗಳ ಉಪಯೋಗಕ್ಕೆ ಮಾತ್ರ. ರೋಗಿಗಳು ಓದಬೇಕಿಲ್ಲ, ಸರದಿಯಲ್ಲಿ ನಿಂತರೆ ಸಾಕು.)

ಪೆಟ್ಟಿಗೆಯಲ್ಲಿ ಏನಿದೆ: ದಿನಕ್ಕೊಮ್ಮೆ ಕುಡಿದರೆ ಹೆರಾಯಿನ್, ಫೆಂಟನಿಲ್‌ಗಳ ಸೆಳೆತ ತಗ್ಗಿಸುವ ಔಷಧಿ. 1960ರ ದಶಕದಲ್ಲೇ ನ್ಯೂಯಾರ್ಕಿನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಇದರ ಗುಣ ತೋರಿಸಿಕೊಟ್ಟರು. ಜೊತೆಗೊಂದು ಬೀಗ. ಕೀಲಿ ಪ್ರತ್ಯೇಕ.

ಹಂತ 1. ರೋಗಿಗಳನ್ನು ಜರಡಿ ಹಿಡಿಯಿರಿ. ನೋವಿಗೆಂದು ಮೆಥಡೋನ್ ಬೇಕಾದವರನ್ನು ವೈದ್ಯರ ಚೀಟಿ ಕೊಟ್ಟು ಮೂಲೆಯ ಔಷಧಿ ಅಂಗಡಿಗೆ ಕಳಿಸಿ. ಚಟ ಬಿಡಲು ಅದೇ ಮೆಥಡೋನ್ ಕೇಳಿದವರನ್ನು ಕ್ಲಿನಿಕ್ಕಿಗೆ ಅಟ್ಟಿ. ಅಂಗಡಿಯ ಬಾಗಿಲು ಅವರಿಗಿಲ್ಲ.

ಹಂತ 2. ಬೆಳಗಾಗುತ್ತಲೇ ಸರದಿ ಹಚ್ಚಿ. ನರ್ಸಮ್ಮನ ಕಣ್ಣೆದುರೇ ಗುಟುಕರಿಸಬೇಕು. ಕೆಲಸಕ್ಕೆ ತಡವಾಗುತ್ತದೆ ಎಂದರೆ, ಕೆಲಸ ಹಿಡಿದು ಬದುಕು ಕಟ್ಟಿಕೊಳ್ಳುವುದೇ ಚಿಕಿತ್ಸೆಯ ಗುರಿ ಎಂದು ಉಪದೇಶ ಮಾಡಿ.

ಹಂತ 3. ಮನೆಗೆ ಒಯ್ಯುವ ಬಾಟಲಿಯನ್ನು ಎಣಿಸಿ ಕೊಡಿ. ಹಿಂದೆಲ್ಲ 28 ದಿನದ ಔಷಧಿ ಒಟ್ಟಿಗೆ ಸಿಗಲು ಎರಡು ವರ್ಷ ಕಾಯಬೇಕಿತ್ತು. 2020ರಲ್ಲಿ ಕೊರೊನಾ ಬಂದು ಗುಂಪುಗೂಡುವುದೇ ಅಪಾಯವಾದಾಗ ಗಂಟು ಸಡಿಲಿಸಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. 2024ರ ಫೆಡರಲ್ ನಿಯಮದಂತೆ ಮೊದಲ ಎರಡು ವಾರ 7 ದಿನದವರೆಗೆ, 15ನೇ ದಿನದಿಂದ 14, 31ನೇ ದಿನದಿಂದ 28 ದಿನದವರೆಗಿನ ಔಷಧಿ ಕೊಡಬಹುದು. ಗಾಬರಿ ಬೇಡ. ಫೆಡರಲ್ ಸರ್ಕಾರ ಸಡಿಲಿಸಿದ್ದನ್ನು ನೀವು ರಾಜ್ಯದ ಮಟ್ಟದಲ್ಲಿ ಬಿಗಿಗೊಳಿಸಬಹುದು.

ಹಂತ 4. ಇಷ್ಟೂ ಕಷ್ಟವೆನಿಸಿದರೆ ವೆಸ್ಟ್ ವರ್ಜೀನಿಯಾ ಮಾದರಿ ಬಳಸಿ: 2007ರಲ್ಲಿ ಆ ರಾಜ್ಯ ಹೊಸ ಮೆಥಡೋನ್ ಕ್ಲಿನಿಕ್‌ಗಳನ್ನೇ ನಿಷೇಧಿಸಿತು. ಮಾದಕ ವಸ್ತುವಿನ ಅತಿಸೇವನೆಯಿಂದ ಸಾಯುವವರ ಪ್ರಮಾಣದಲ್ಲಿ ಆ ರಾಜ್ಯ ವರ್ಷಗಟ್ಟಲೆ ದೇಶಕ್ಕೇ ಮೊದಲು. ಈ ಎರಡು ಸಂಗತಿಗಳನ್ನು ಒಂದೇ ಕಡತದಲ್ಲಿ ಇಡಬೇಡಿ.

ಎಚ್ಚರಿಕೆ: ಅಳತೆ ತಪ್ಪಿದರೆ ಈ ಮದ್ದೂ ಉಸಿರು ನಿಲ್ಲಿಸುತ್ತದೆ. ಮಕ್ಕಳ ಕೈಗೆ ಸಿಗಬಾರದು. ಬೀಗ ಬೇಕೇ ಬೇಕು, ಬಾಟಲಿಯಿಟ್ಟ ಪೆಟ್ಟಿಗೆಗೆ. ಬಹಳ ಕಡೆ ಅದನ್ನು ಕ್ಲಿನಿಕ್ಕಿನ ಬಾಗಿಲಿಗೆ ಜೋಡಿಸಿರುವುದು ಕಂಡುಬಂದಿದೆ.

ದೋಷ ಪರಿಹಾರ: ಸರದಿ ಇದ್ದಕ್ಕಿದ್ದಂತೆ ಕರಗಿದರೆ ಎಲ್ಲರೂ ಗುಣವಾದರೆಂದು ವರದಿ ಬರೆಯಬೇಡಿ. ಹಿಂದಿನ ಓಣಿಯಲ್ಲೊಮ್ಮೆ ಇಣುಕಿ. ಅಲ್ಲಿ ಫೆಂಟನಿಲ್ ಮಾರುವವನು ಅರ್ಜಿ ಕೇಳುವುದಿಲ್ಲ, ಭಾನುವಾರವೂ ರಜೆ ಹಾಕುವುದಿಲ್ಲ.