ಖಾಲಿ ಜಾಗದ ಟೀವಿ

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ ಅಮೆರಿಕದಲ್ಲಿ ಟೀವಿ ಅಗ್ಗ. ಅಗ್ಗ ಅಂದಮೇಲೆ ಬೇಕೋ ಬೇಡವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಶಿಕಾಗೋ ಆಸುಪಾಸಿನ ಕನ್ನಡದ ಮನೆಗಳಲ್ಲಿ ಡಿಸೆಂಬರ್ ಹೊತ್ತಿಗೆ ಗೋಡೆಗೆ 55 ಇಂಚು ಏರಿರುತ್ತದೆ, ನನಗೆ ಫೋನ್ ಬಂದಿರುತ್ತದೆ. "ಚಿತ್ರ ಯಾಕೋ ಸರಿ ಇಲ್ಲ ಕಣ್ರೀ. ಊಟಕ್ಕೇ ಬಂದ್ಬಿಡಿ." ನಾನೇನೂ ಮೆಕ್ಯಾನಿಕ್ ಅಲ್ಲ, ಪೆಟ್ಟಿಗೆಯೊಳಗೆ ಬರುವ ಪುಸ್ತಕ ಓದುವ ಚಟದವನು, ಅಷ್ಟೇ.

ಈ ಸಲ ಕರೆ ಬಂದದ್ದು ನೇಪರ್ವಿಲ್‌ನ ಒಂದು ಮನೆಯಿಂದ. ರಿಮೋಟನ್ನು ಆಗಲೇ ಜಿಪ್‌ಲಾಕ್ ಚೀಲಕ್ಕೆ ಹಾಕಿ ರಬ್ಬರ್ ಬ್ಯಾಂಡ್ ಬಿಗಿದಿದ್ದರು. ವಾಲ್ಯೂಮ್ ಗುಂಡಿಯ ಮೇಲೆ ಅರಿಶಿನದ ಬೆರಳಚ್ಚು. ಸೋಫಾದಲ್ಲಿ ಆರು ತಿಂಗಳಿಗೆಂದು ಬೆಂಗಳೂರಿನಿಂದ ಬಂದಿದ್ದ ಯಜಮಾನರ ತಂದೆ.

ಟೀವಿಯ ಮುಖ ನೋಡುವ ಮೊದಲು ಬೆನ್ನು ನೋಡಬೇಕು. ಬೆನ್ನಿಗೆ ಚುಚ್ಚಿದ್ದು ಹಳೇ ಡಿವಿಡಿ ಪ್ಲೇಯರಿನ ಹಳದಿ, ಕೆಂಪು, ಬಿಳಿ ವೈರು. ಆ ಹಳದಿ ಪಿನ್ನಿನಲ್ಲಿ ಎಚ್‌ಡಿ ಚಿತ್ರ ಹಾಯುವುದೇ ಇಲ್ಲ. ಪಕ್ಕದ ಕಪಾಟಿನಲ್ಲಿ ಎಂಬತ್ತು ಡಾಲರಿನ ಎಚ್‌ಡಿಎಂಐ ಕೇಬಲ್ ಪ್ಯಾಕೆಟ್ ಒಡೆಯದೆ ಕೂತಿತ್ತು. "ದುಬಾರೀದು, ಹಬ್ಬಕ್ಕೆ ಹಾಕೋಣ ಅಂತ" ಎಂದರು ಯಜಮಾನರು. ಆರಡಿ ದೂರಕ್ಕೆ ಅಗ್ಗದ ಕೇಬಲ್ಲೂ ಅದೇ ಚಿತ್ರ ತರುತ್ತದೆ. ಅದನ್ನು ಅವರ ಮನೆಯವರ ಎದುರಿಗೆ ಹೇಳಲಿಲ್ಲ.

ಇನ್ನು ಡಿಸ್ಕು. ತಂದೆಯವರು ಊರಿಂದ ತಂದಿದ್ದು 'ಕಸ್ತೂರಿ ನಿವಾಸ'ದ ವಿಸಿಡಿ. 2014ರಲ್ಲಿ ಬಣ್ಣ ಬಳಿದುಕೊಂಡು ಮತ್ತೆ ಬಂದದ್ದಲ್ಲ, 1971ರ ಕಪ್ಪು ಬಿಳುಪೇ. ವಿಸಿಡಿಯಲ್ಲಿರುವುದು ಸುಮಾರು ಒಂದು ಲಕ್ಷ ಚುಕ್ಕಿ. ಪರದೆಯಲ್ಲಿರುವುದು 1920ಕ್ಕೆ 1080, ಅಂದರೆ ಇಪ್ಪತ್ತು ಲಕ್ಷದ ಮೇಲೆ. ಒಂದೊಂದು ಚುಕ್ಕಿ ಇಪ್ಪತ್ತು ಚುಕ್ಕಿಗಳ ಕೆಲಸ ಮಾಡಬೇಕು. ಮಂಜು ಮಂಜಾಗದೆ ಇನ್ನೇನಾದೀತು? ಸಾಲದ್ದಕ್ಕೆ 4:3 ಅಳತೆಯ ಚಿತ್ರವನ್ನು 16:9 ಪರದೆ ತುಂಬ ಎಳೆದಿದ್ದರು. ರಾಜ್‌ಕುಮಾರ್ ಅವರು ಯೋಗಾಸನ ಮಾಡಿ ಕಾಪಾಡಿಕೊಂಡ ಮೈ ಒಂದು ಗುಂಡಿ ಒತ್ತಿದ್ದಕ್ಕೆ ಮೂರನೇ ಒಂದು ಪಾಲು ಹೆಚ್ಚು ಅಗಲವಾಗಿತ್ತು.

ನಾನು ಅಳತೆ ಸರಿಮಾಡಿದೆ. ಅಣ್ಣಾವ್ರು ಸಣ್ಣಗಾದರು, ಎರಡು ಪಕ್ಕಕ್ಕೂ ಕಪ್ಪು ಪಟ್ಟಿ ಬಂತು. ತಂದೆಯವರು ಎದ್ದು ಕೂತರು.

"ಅಲ್ಲಪ್ಪಾ, ಎರಡೂ ಕಡೆ ಇಷ್ಟಿಷ್ಟು ಜಾಗ ಬಿಟ್ಟಿದ್ದಾರಲ್ಲ, ಟೀವೀಲೂ ಸೆಟ್‌ಬ್ಯಾಕ್ ಇದೆಯಾ? ಜೆ.ಪಿ. ನಗರದ ಮನೆಗೇ ನಾನು ಇಷ್ಟು ಬಿಟ್ಟಿಲ್ಲ!"

"ಸಿನಿಮಾ ತೆಗೆದದ್ದೇ ಆ ಅಳತೆಗೆ, ಸರ್."

"ದುಡ್ಡು ಕೊಟ್ಟಿರೋದು ಪೂರ್ತಿ ಪರದೆಗೆ ತಾನೇ?"

ಇದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಮಾತು ಮರೆಸಲು ಮೋಷನ್ ಸ್ಮೂದಿಂಗ್ ಆಫ್ ಮಾಡಿದೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮಿನಂತೆ. ಸ್ಮೂದಿಂಗ್ ಇದ್ದರೆ ನಡುನಡುವೆ ಇಲ್ಲದ ಫ್ರೇಮುಗಳನ್ನು ಟೀವಿ ತಾನೇ ಹುಟ್ಟಿಸಿ ತುರುಕುತ್ತದೆ, ಆಗ ಎಂಥ ಸಿನಿಮಾವೂ ಛತ್ರದ ಮದುವೆ ವಿಡಿಯೋ. 2018ರಲ್ಲಿ ಟಾಮ್ ಕ್ರೂಸ್ ವಿಡಿಯೋ ಮಾಡಿ ದಯವಿಟ್ಟು ಇದನ್ನು ಆಫ್ ಮಾಡಿ ಎಂದು ಕೇಳಿಕೊಂಡಿದ್ದ. "ಅವನ ಮಾತು ಯಾರು ಕೇಳ್ತಾರೆ? ಸೀರಿಯಲ್ ಚೆನ್ನಾಗೇ ಬರ್ತಿತ್ತು" ಎಂದಿತು ಅಡುಗೆಮನೆ. ಬಣ್ಣವನ್ನು 'ವಿವಿಡ್'ನಿಂದ 'ಸಿನಿಮಾ'ಕ್ಕೆ ಇಳಿಸಿದಾಗ ಇಡೀ ಮನೆ ಒಕ್ಕೊರಲಿನಿಂದ "ಮಂಕಾಯ್ತು" ಎಂದಿತು. ಅಂಗಡಿಯ ಝಗಮಗ ದೀಪಗಳ ನಡುವೆ ಗಿರಾಕಿಯ ಕಣ್ಣು ಸೆಳೆಯಲು ಇಟ್ಟ ಹೊಳಪು ಅದು, ಮನೆಗಲ್ಲ ಎಂದೆ. "ಅದೇ ಹೊಳಪು ನೋಡಿ ತಾನೇ ತಂದದ್ದು!"

ಒಂದೇ ಒಂದು ಕೆಲಸಕ್ಕೆ ಮೆಚ್ಚುಗೆ ಸಿಕ್ಕಿತು: ಆಂಟೆನಾ. 2009ರ ಜೂನ್ 12ಕ್ಕೆ ಅಮೆರಿಕದ ದೊಡ್ಡ ಸ್ಟೇಷನ್‌ಗಳೆಲ್ಲ ಅನಲಾಗ್ ಬಿಟ್ಟು ಡಿಜಿಟಲ್ ಆದವು. ಪುಟ್ಟ ಆಂಟೆನಾ ಇದ್ದರೆ ಎಚ್‌ಡಿ ಚಿತ್ರ ಗಾಳಿಯಲ್ಲೇ ಪುಕ್ಕಟೆ ಬರುತ್ತದೆ. ಪ್ರಸಾರ ಹೊರಡುವ ಶಿಕಾಗೋದ ವಿಲ್ಲಿಸ್ ಟವರಿನ ಕಡೆ ತಿರುಗಿಸಿದರೆ ಸಾಕು. ನೇಪರ್ವಿಲ್‌ನಿಂದ ಅದು ಪೂರ್ವಕ್ಕೆ, ಕೊಂಚ ಈಶಾನ್ಯಕ್ಕೆ ವಾಲಿ. ತಂದೆಯವರ ಮುಖ ಅರಳಿತು. "ಪುಕ್ಕಟೆ, ಅದೂ ಈಶಾನ್ಯದಿಂದ! ನೋಡಿದ್ಯೇನೋ, ಇವರಿಗೂ ವಾಸ್ತು ಗೊತ್ತಿದೆ."

ಕಡೆಗೆ ರಾಜಿಯಾಯಿತು. ಬಹಳಷ್ಟು ಟೀವಿಗಳಲ್ಲಿ ಒಂದೊಂದು ಇನ್‌ಪುಟ್ಟಿಗೆ ಬೇರೆ ಬೇರೆ ಸೆಟ್ಟಿಂಗ್ ಇಡಬಹುದು. ಒಂದನೆಯದು ಸೀರಿಯಲ್ಲಿಗೆ, ಪಳಪಳ. ಎರಡನೆಯದು ಯಜಮಾನರ ಫುಟ್‌ಬಾಲಿಗೆ. ಹಳದಿ ವೈರು ಅಣ್ಣಾವ್ರಿಗೆ, ಅವರ ನಿಜವಾದ ಅಳತೆಯಲ್ಲಿ.

ಊಟಕ್ಕೆ ಕೂತಾಗ ಯಜಮಾನರು ಮೆಲ್ಲಗೆ ಕೇಳಿದರು, "75 ಇಂಚಿನದು ತಂದ್ರೆ ಆ ಕಪ್ಪು ಪಟ್ಟಿ ಹೋಗುತ್ತಾ?"

"ಇಲ್ಲ, ಪಟ್ಟೀನೂ ದೊಡ್ಡದಾಗುತ್ತೆ."

ತಂದೆಯವರು ಕೈಲಿದ್ದ ತುತ್ತು ನಿಲ್ಲಿಸಿ ಮಗನ ಕಡೆ ತಿರುಗಿದರು. "ಹಾಗಾದ್ರೆ ತಗೊಂಡ್ಬಿಡೋ. ಖಾಲಿ ಜಾಗಕ್ಕೆ ಹಾಕಿದ ದುಡ್ಡು ಯಾವತ್ತೂ ಮುಳುಗಲ್ಲ."